ಗೌರಿ ಲಂಕೇಶ್ ನೆನಪಲ್ಲಿ ಮೈಸೂರಲ್ಲಿ ಉಚಿತ ಕಲಾ ಹಬ್ಬ ಮಾಡೋಣ ಅಂತಿದೀವಿ, ಸ್ಪಾನ್ಸರ್ ದುಡ್ಡು ತಗೋಬೋದಾ?

ಪಾಂಡವಪುರದ ಹುಡುಗಿ:

ಎಲ್ರಿಗೂ ನಮಸ್ಕಾರ. ನಾವೊಂದಷ್ಟು ಜನ ಸೇರ್ಕೊಂಡು ಮೈಸೂರಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹೆಸರಲ್ಲಿ ಎರಡು ದಿನದ ಕಲಾ ಹಬ್ಬ ಮಾಡೋಣ ಅಂತ ಓಡಾಡ್ತಾ ಇದೀವಿ. ಟಿಕೆಟ್ ಇಲ್ಲ, ಪಾಸ್ ಇಲ್ಲ, ಮುಂದಿನ ಸಾಲಲ್ಲಿ ವಿಐಪಿ ಸೋಫಾ ಇಲ್ಲ, ಕೆಲಸ ಮುಗಿಸ್ಕೊಂಡು ಮನೆಗೆ ಹೋಗ್ತಿರೋರು ಕೈಲಿ ತರಕಾರಿ ಬ್ಯಾಗ್ ಹಿಡ್ಕೊಂಡೇ ಬಂದು ಕೂತ್ಕೊಳ್ಳೋ ಥರ ಇರ್ಬೇಕು ಅಂತ ನಮ್ಮಾಸೆ. ಹಾಡು, ನಾಟಕ, ಕಾರ್ಟೂನ್ ಪ್ರದರ್ಶನ, ಕವಿತಾ ಲಂಕೇಶ್ ಅವ್ರು ಅಕ್ಕನ ಬಗ್ಗೆ ಮಾಡಿರೋ ಸಾಕ್ಷ್ಯಚಿತ್ರ ಸಿಕ್ಕಿದ್ರೆ ಅದು, ಜೊತೆಗೆ ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಮಾತುಕತೆ.

ಯಾಕೆ ಈಗ ಅಂದ್ರೆ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆ ಬಾಗಿಲಲ್ಲೇ ಅವ್ರನ್ನ ಗುಂಡು ಹೊಡೆದು ಕೊಂದಾಗ ನಾನು ಹೈಸ್ಕೂಲಲ್ಲಿದ್ದೆ, 'ನಾನು ಗೌರಿ' ಅಂತ ಜನ ಬೋರ್ಡ್ ಹಿಡ್ಕೊಂಡು ನಿಂತಿದ್ದನ್ನ ಟೀವಿಲಿ ನೋಡಿದ್ದೆ ಅಷ್ಟೇ. ಈಗ ನಮ್ಮ ಜೂನಿಯರ್ಸ್‌ನ ಕೇಳಿದ್ರೆ ಮುಖ ಗೊತ್ತು, ಹೆಸ್ರು ಗೊತ್ತು, ಅವ್ರು ಏನ್ ಬರೆದ್ರು ಅಂದ್ರೆ ಒಂದ್ ಸಾಲೂ ಗೊತ್ತಿಲ್ಲ. ಪರ ಇರೋರಿಗೂ ಗೊತ್ತಿಲ್ಲ, ವಿರೋಧ ಇರೋರಿಗೂ ಗೊತ್ತಿಲ್ಲ. ಇದು ನಂಗೆ ತುಂಬಾ ಬೇಜಾರಾಗೋ ವಿಷ್ಯ.

ಕಲೆ ಯಾಕೆ, ಒಂದು ಸಭೆ ಮಾಡಿದ್ರೆ ಸಾಕಲ್ವಾ ಅಂತ ಮನೇಲಿ ಕೇಳಿದ್ರು. ಡೇನಿಯಲ್ ಪರ್ಲ್ ಅಂತ ಒಬ್ರು ಪತ್ರಕರ್ತರಿದ್ರು, ವಾಲ್ ಸ್ಟ್ರೀಟ್ ಜರ್ನಲ್‌ಗೆ ಮುಂಬೈಲಿ ಇದ್ಕೊಂಡು ವರದಿ ಮಾಡ್ತಿದ್ರು, 2002ರಲ್ಲಿ ಕರಾಚಿಲಿ ಕಿಡ್ನ್ಯಾಪ್ ಮಾಡಿ ಕೊಂದ್ಬಿಟ್ರು. ಅವ್ರು ಪಿಟೀಲು ನುಡಿಸ್ತಿದ್ರಂತೆ, ಅದಕ್ಕೇ ಅವ್ರ ಹುಟ್ಟಿದ ತಿಂಗಳು ಅಕ್ಟೋಬರಲ್ಲಿ ಎಷ್ಟೋ ದೇಶಗಳಲ್ಲಿ ಸಂಗೀತಗಾರರು ತಮ್ಮ ಕಚೇರಿನ ಅವ್ರ ಹೆಸರಿಗೆ ಅರ್ಪಿಸ್ತಾರೆ. ಅದನ್ನ ಓದಿದಾಗಿಂದ ನಮ್ಮೂರಲ್ಲೂ ಹಿಂಗೇನಾದ್ರೂ ಮಾಡ್ಬೇಕು ಅಂತ ತಲೆಲಿ ಕೂತಿದೆ.

ಈಗ ಪ್ರಾಬ್ಲಮ್ ದುಡ್ಡಿಂದು. ಸೌಂಡು, ಲೈಟು, ಕಲಾವಿದರ ಸಂಭಾವನೆ, ಊಟ, ಎಲ್ಲಾ ಸೇರಿ ನಮ್ಮ ಕೈಲಾಗೋದಲ್ಲ. ಸೈಟ್ ಲೇಔಟ್ ಮಾಡಿ ಮಾರೋರೊಬ್ರು ಪೂರ್ತಿ ಖರ್ಚು ನಾನೇ ಕೊಡ್ತೀನಿ, ಸ್ಟೇಜಿನ ಎರಡೂ ಕಡೆ ನಮ್ ಫ್ಲೆಕ್ಸ್ ಇರ್ಲಿ, ಉದ್ಘಾಟನೆ ದಿನ ಐದು ನಿಮಿಷ ಮಾತಾಡ್ತೀನಿ ಅಷ್ಟೇ ಅಂತ ಹೇಳಿದಾರೆ. ನಮ್ ಗುಂಪಲ್ಲಿ ಅರ್ಧ ಜನ ತಗೊಳೋಣ, ಹಬ್ಬ ಆಗೋದು ಮುಖ್ಯ ಅಂತಿದಾರೆ. ನಂಗ್ಯಾಕೋ ಮನಸ್ಸು ಒಪ್ತಿಲ್ಲ ಆದ್ರೆ ಯಾಕೆ ಅಂತ ಸರಿಯಾಗಿ ಹೇಳಕ್ಕೂ ಬರ್ತಿಲ್ಲ. ಅನುಭವ ಇರೋರು ಹೇಳಿ. ಹಂಗೇ ಜಾಗ ಎಲ್ಲಿ, ಸೆಪ್ಟೆಂಬರ್ 5ಕ್ಕೇ ಮಾಡ್ಬೇಕಾ ಅನ್ನೋದೂ.

ಸೈಡ್‌ವಿಂಗ್ ಸ್ವಾಮಿ:

ದುಡ್ಡಿನ ವಿಷ್ಯ ತಿಳಿದೋರು ಹೇಳ್ತಾರೆ, ನಾನು ಜಾಗ ಮತ್ತೆ ಡೇಟ್ ಬಗ್ಗೆ ಹೇಳ್ತೀನಿ, ಮೈಸೂರಲ್ಲಿ ನಾಟಕಗಳಿಗೆ ಲೈಟ್ ಕಟ್ಕೊಂಡೇ ಬದುಕ್ತಿರೋನು ನಾನು.

ಸೆಪ್ಟೆಂಬರ್ 5 ಬೇಡ ಮೇಡಂ. ಮಳೆ ಒಂದು. ಗಣಪತಿ ಹಬ್ಬ ಆ ಆಸುಪಾಸಲ್ಲೇ ಬರುತ್ತೆ, ಪೊಲೀಸ್ನೋರು ಆ ಬಂದೋಬಸ್ತಲ್ಲೇ ಇರ್ತಾರೆ, ಅದು ಮುಗಿಯೋಷ್ಟ್ರಲ್ಲಿ ದಸರಾ ತಯಾರಿ ಶುರು, ಬಯಲು ರಂಗಮಂದಿರ ದಸರಾದ ಯುವ ಸಂಭ್ರಮಕ್ಕೆ ಹೋಗುತ್ತೆ, ಕಲಾಮಂದಿರ ಸಿಗೋದೂ ಕಷ್ಟ, ಸೌಂಡಿನೋರು ಫೋನ್ ಎತ್ತಲ್ಲ. ಮೇ 3 ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನ, ಅದೂ ಒಂದು ಆಪ್ಷನ್ನು, ಆದ್ರೆ ಆಗ ಸಂಜೆ ಹೊತ್ತಿಗೆ ಸರಿಯಾಗಿ ಗಾಳಿಮಳೆ ಬಂದು ಪರದೆ ಹಾರ್ಸ್ಕೊಂಡು ಹೋಗುತ್ತೆ, ಕಾಲೇಜ್ ಹುಡುಗ್ರೂ ಊರಲ್ಲಿರಲ್ಲ.

ನನ್ ಕೇಳಿದ್ರೆ ಜನವರಿ 29. ಗೌರಿಯವ್ರು ಹುಟ್ಟಿದ್ದು 1962ರ ಜನವರಿ 29. ಮಾರನೇ ದಿನ 30, ಗಾಂಧೀಜಿ ಹುತಾತ್ಮ ದಿನ. ಎರಡು ದಿನ ಅಂತ ನೀವೇ ಹೇಳಿದೀರಲ್ಲ, ಒಂದು ದಿನ ಹುಟ್ಟುಹಬ್ಬ, ಇನ್ನೊಂದು ದಿನ ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಮೌನ ನಿಂತು ಶುರು ಮಾಡಿ. ಅವ್ರಪ್ಪ ಲಂಕೇಶ್ ಮೇಷ್ಟ್ರು ತೀರ್ಕೊಂಡಿದ್ದೂ ಜನವರಿಯಲ್ಲೇ, 2000ದ ಜನವರಿ 25. ಮಳೆ ಕಾಟ ಇಲ್ಲ, ಚಳಿ ಇರುತ್ತೆ, ಸ್ವೆಟರ್ ಹಾಕ್ಕೊಂಡ್ ಬನ್ನಿ ಅಂತ ಪೋಸ್ಟರಲ್ಲೇ ಹಾಕಿ. ಬಹುರೂಪಿ ನಾಟಕೋತ್ಸವದ ಡೇಟ್ ಜೊತೆ ಡಿಕ್ಕಿ ಹೊಡೀದಂಗೆ ರಂಗಾಯಣದಲ್ಲಿ ಮೊದ್ಲೇ ವಿಚಾರಿಸ್ಕೊಳಿ.

ಜಾಗ ಅಂದ್ರೆ, ದೊಡ್ಡ ಕಲಾಮಂದಿರಕ್ಕೆ ಹೋಗ್ಬೇಡಿ. ಅಷ್ಟು ದೊಡ್ಡ ಹಾಲಲ್ಲಿ ಮುನ್ನೂರು ಜನ ಕೂತ್ರೂ ಖಾಲಿ ಹೊಡೆಯುತ್ತೆ, ಮಾರನೇ ದಿನ ಪೇಪರಲ್ಲಿ ಖಾಲಿ ಕುರ್ಚಿ ಫೋಟೋ ಬರುತ್ತೆ. ಅದೇ ಕಾಂಪೌಂಡಲ್ಲಿ ಕಿರುರಂಗಮಂದಿರ ಇದೆ, ರಂಗಾಯಣದ ಭೂಮಿಗೀತ ಇದೆ, ಬಯಲಲ್ಲಿ ಬೇಕು ಅಂದ್ರೆ ವನರಂಗ ಇದೆ. ವನರಂಗ ಸಿಕ್ಕಿದ್ರೆ ಅದೇ ಬೆಸ್ಟು, ಅಲ್ಲಿ ಮಾತಾಡೋರೂ ಕೇಳೋರೂ ಹತ್ರ ಇರ್ತಾರೆ. ದಾರಿಲಿ ಹೋಗೋರು ನಿಂತು ನೋಡ್ಬೇಕು ಅಂದ್ರೆ ಚಿಕ್ಕಗಡಿಯಾರದ ಮುಂದೆ ಮಾಡಿ, ಆದ್ರೆ ಅಲ್ಲಿ ದೇವರಾಜ ಮಾರ್ಕೆಟ್ ಗದ್ದಲದಲ್ಲಿ ತಮಟೆ, ಹಾಡು ನಿಲ್ಲುತ್ತೆ, ನಾಟಕದ ಮಾತು ನಿಲ್ಲಲ್ಲ. ಕರೆಂಟ್ ಎಲ್ಲಿಂದ ತಗೋತೀರ ಅನ್ನೋದನ್ನ ಜಾಗ ನೋಡಕ್ಕೆ ಹೋದ ದಿನಾನೇ ಕೇಳಿ.

ಮೈಕ್‌ಗೆ ಪೊಲೀಸ್ ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಸೀಲ್ ಹಾಕ್ಸಿ ಅಕ್ನಾಲೆಜ್‌ಮೆಂಟ್ ಇಟ್ಕೊಳಿ. ರಾತ್ರಿ 10 ಆದ್ಮೇಲೆ ಬಯಲಲ್ಲಿ ಮೈಕ್ ಇಲ್ಲ, 2000ದ ಶಬ್ದ ಮಾಲಿನ್ಯ ನಿಯಮ ಅದು, ಆಸ್ಪತ್ರೆ, ಸ್ಕೂಲು, ಕೋರ್ಟಿಂದ 100 ಮೀಟರ್ ಒಳಗಿದ್ರೆ ಹಗಲಲ್ಲೂ ತೊಂದ್ರೆ. ಒಂಬತ್ತೂವರೆಗೆ ಮುಗ್ಸೋ ಹಂಗೆ ಪ್ಲಾನ್ ಮಾಡಿ. ಈ ಥರ ಕಾರ್ಯಕ್ರಮನ ನಿಲ್ಲಿಸ್ಬೇಕು ಅಂತ ಯಾರಿಗಾದ್ರೂ ಮನಸ್ಸಾದ್ರೆ ಮೊದ್ಲು ಹುಡುಕೋದೇ ಮೈಕ್ ಪರ್ಮಿಷನ್ನು.

ಇನ್ನೊಂದು, ಉಚಿತ ಅಂದ್ರೆ ನೋಡೋರಿಗೆ ಉಚಿತ, ಆಡೋರಿಗೆ ಅಲ್ಲ. ಒಳ್ಳೆ ಉದ್ದೇಶ ಅಂತ ಹೇಳಿ ತಮಟೆ ಬಾರಿಸೋರಿಗೆ ಬಸ್ ಚಾರ್ಜೂ ಕೊಡ್ದೆ ಕಳ್ಸೋದನ್ನ ತುಂಬಾ ನೋಡಿದೀನಿ, ದಯವಿಟ್ಟು ಹಂಗ್ ಮಾಡ್ಬೇಡಿ.

ಹಳೇ ವರದಿಗಾರ:

ಮಗಳೇ, ನಿನ್ ಮನಸ್ಸು ಯಾಕ್ ಒಪ್ತಿಲ್ಲ ಅಂತ ನಾನ್ ಹೇಳ್ತೀನಿ ಕೇಳು. ನಾನು ಮಂಡ್ಯ ಜಿಲ್ಲೆಯ ತಾಲ್ಲೂಕೊಂದರಲ್ಲಿ ಬಾಳ ವರ್ಷ ವರದಿಗಾರನಾಗಿದ್ದೋನು.

ಲಂಕೇಶರು 1980ರಲ್ಲಿ ಪತ್ರಿಕೆ ಶುರು ಮಾಡ್ದಾಗ ಜಾಹೀರಾತೇ ತಗೊಳಲ್ಲ ಅಂತ ನಿರ್ಧಾರ ಮಾಡಿದ್ರು. ಓದೋರು ಕೊಡೋ ಕಾಸಲ್ಲೇ ಪತ್ರಿಕೆ ನಡೀಬೇಕು ಅಂತ. ಕಪ್ಪು ಬಿಳುಪು ಟ್ಯಾಬ್ಲಾಯ್ಡು, ಬಣ್ಣ ಇಲ್ಲ ಬೆಡಗಿಲ್ಲ, ಆದ್ರೆ ಮುಖ್ಯಮಂತ್ರಿಗಳೂ ಅದನ್ನ ತರ್ಸಿ ಓದ್ತಿದ್ರು, ಯಾಕಂದ್ರೆ ಅದ್ರಲ್ಲಿ ಯಾರ್ ಬಗ್ಗೆ ಬರೆಯೋಕೂ ಇನ್ಯಾರ್ನೋ ಕೇಳ್ಬೇಕಾಗಿರ್ಲಿಲ್ಲ. ಅಪ್ಪ ತೀರ್ಕಂಡ್ ಮ್ಯಾಲೆ ಗೌರಿ ಬಂದ್ರು. ಅಲ್ಲಿವರ್ಗೂ ಅವ್ರು ಇಂಗ್ಲಿಷ್ ಪತ್ರಕರ್ತೆ, ಡೆಲ್ಲಿಲಿ ಇದ್ದೋರು. 38ನೇ ವಯಸ್ಸಲ್ಲಿ ಬಂದು ಕನ್ನಡದಲ್ಲಿ ಬರೆಯಕ್ಕೆ ಕೂತ್ರು. 2005ರಲ್ಲಿ ತಮ್ಮನ ಜೊತೆ ಬೇರೆಯಾಗಿ ಗೌರಿ ಲಂಕೇಶ್ ಪತ್ರಿಕೆ ಶುರು ಮಾಡಿದ್ರು, ಅದಕ್ಕೂ ಜಾಹೀರಾತಿಲ್ಲ. ಎಷ್ಟು ಕಷ್ಟದಲ್ಲಿ ನಡೀತಿತ್ತು ಅಂತ ಆ ಕಾಲದಲ್ಲಿ ಪತ್ರಿಕೆ ಕೆಲ್ಸ ಮಾಡಿದೋರ್ಗೆಲ್ಲ ಗೊತ್ತು. ಹಂಗಿದ್ದೋರ ಹೆಸರಲ್ಲಿ ನಡೆಯೋ ಹಬ್ಬದ ಸ್ಟೇಜಿನ ಎರಡೂ ಮಗ್ಗುಲಲ್ಲಿ ಲೇಔಟಿನ ಫ್ಲೆಕ್ಸು ನಿಂತ್ರೆ ಅದು ಅವ್ರ ಹಬ್ಬ ಆಗಲ್ಲವ್ವ.

ಜಾಹೀರಾತು ಏನ್ ಮಾಡ್ತದೆ ಅನ್ನೋದು ನಮ್ಮಂಥ ತಾಲ್ಲೂಕಿನೋರ್ಗೆ ಚೆನ್ನಾಗ್ ಗೊತ್ತು. ಆಗ ಫ್ಯಾಕ್ಸ್ ಇರ್ಲಿಲ್ಲ, ಮಧ್ಯಾಹ್ನ ಮೂರೂವರೆ ಒಳಗೆ ಸುದ್ದಿ ಬರೆದು ಮುಗಿಸ್ಬೇಕಿತ್ತು, ನ್ಯೂಸ್‌ಪ್ರಿಂಟ್ ಹಾಳೆಯ ಒಂದೇ ಮಗ್ಗುಲು, ಎಡಕ್ಕೆ ಎರಡು ಬೆರಳು ಮಾರ್ಜಿನ್ ಬಿಟ್ಟು. ಕವರ್ ಮೇಲೆ ಪ್ರೆಸ್ ಮ್ಯಾಟರ್ ಅರ್ಜೆಂಟ್ ಅಂತ ಕೆಂಪಿಂಕಲ್ಲಿ ಬರೆದು ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡದು, ಅವ್ನು ಟಿಕೆಟ್ ಚೀಲದ ಪಕ್ಕ ಸಿಗಿಸ್ಕೊಳನು, ಅಲ್ಲಿ ಸಬರ್ಬ್ ಸ್ಟ್ಯಾಂಡಲ್ಲಿ ಆಫೀಸ್ ಹುಡುಗ ಕಾಯ್ತಿದ್ದ. ಬಸ್ ತಪ್ತು ಅಂದ್ರೆ ಅವತ್ತಿನ ಸುದ್ದಿ ಹೋಯ್ತು. ಅಷ್ಟು ಕಷ್ಟಪಟ್ಟು ಕಲ್ಲು ಕ್ರಷರ್ ಧೂಳಿಂದ ರಾಗಿ ಹೊಲ ಹಾಳಾಗ್ತಿರೋದ್ರ ಬಗ್ಗೆ ಬರೆದು ಕಳ್ಸಿದ್ರೆ ಬರ್ತಿರ್ಲಿಲ್ಲ, ದೀಪಾವಳಿಗೆ ಅದೇ ಕ್ರಷರ್ ಓನರ್ದು ಅರ್ಧ ಪುಟ ಶುಭಾಶಯ ಬರ್ತಿತ್ತು. ಅದನ್ನ ತಂದುಕೊಡ್ಬೇಕಾದೋನೂ ನಾನೇ, ಯಾಕಂದ್ರೆ ತಾಲ್ಲೂಕು ವರದಿಗಾರನಿಗೆ ಸಂಬಳ ಅಂತ ಸರಿಯಾಗಿ ಇರಲ್ಲ, ಜಾಹೀರಾತಿನ ಕಮಿಷನ್ನಲ್ಲೇ ಮನೆ ನಡೀಬೇಕು. ಈವತ್ತಿಗೂ ಬಾಳ ಕಡೆ ಇದೇ ಪರಿಸ್ಥಿತಿ. ಗುಂಡು ಹೊಡೆಯೋದು ಒಂದು ಥರ, ಇದು ಇನ್ನೊಂದು ಥರ. ಪತ್ರಿಕಾ ಸ್ವಾತಂತ್ರ್ಯ ಅಂತ ನೀವು ಎರಡು ದಿನ ಮಾತಾಡಿ ಇದನ್ನ ಮಾತಾಡ್ದೇ ಹೋದ್ರೆ ನಂಗೆ ಬೇಜಾರಾಯ್ತದೆ.

ಅದಕ್ಕೆ ಒಂದು ಕೋರಿಕೆ. ಬೆಂಗಳೂರಿಂದ ದೊಡ್ಡ ಸಂಪಾದಕರನ್ನ ಕರ್ಸಿ, ಬೇಡ ಅನ್ನಲ್ಲ. ಒಂದು ಬೆಳಿಗ್ಗೆ ಮಾತ್ರ ತಾಲ್ಲೂಕು ವರದಿಗಾರರಿಗೆ, ಯೂಟ್ಯೂಬ್ ಚಾನೆಲ್ ಇಟ್ಕೊಂಡಿರೋ ಹಳ್ಳಿ ಹುಡುಗ್ರಿಗೆ ಬಿಟ್ಕೊಡಿ. ಬೇಬಿ ಬೆಟ್ಟದ ಗಣಿಗಾರಿಕೆಯಿಂದ ಕೆಆರ್‌ಎಸ್ ಕಟ್ಟೆಗೆ ಏನಾಗ್ತದೋ ಅಂತ ನಮ್ ಜಿಲ್ಲೆ ಎಷ್ಟು ವರ್ಷದಿಂದ ಹೆದರ್ಕಂಡದೆ, ಅದನ್ನ ದಿನಾ ಬೆನ್ನತ್ತಿ ಬರೆಯೋರು ಯಾರು? 2023ರಲ್ಲಿ ಮಂಡ್ಯದ ಆಲೆಮನೇಲಿ ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ರು ಅಂತ ಪೊಲೀಸ್ರು ಜಾಲ ಹಿಡಿದ ಮ್ಯಾಲೆ ಊರೂರು ಸುತ್ತಿ ಹೆಣ್ಮಕ್ಕಳ ಕಷ್ಟ ಬರೆದೋರು ಯಾರು? ಇವ್ರೇ. ಛತ್ತೀಸ್‌ಗಢದ ಬಿಜಾಪುರದ ಮುಕೇಶ್ ಚಂದ್ರಾಕರ್ ಇಂಥದ್ದೇ ಹುಡುಗ, ಸ್ವಂತ ಯೂಟ್ಯೂಬ್ ಚಾನೆಲ್ ಇಟ್ಕೊಂಡಿದ್ದ, ರಸ್ತೆ ಕಾಮಗಾರಿ ಸರಿಯಿಲ್ಲ ಅಂತ ವರದಿ ಆದ್ ಮ್ಯಾಲೆ 2025ರ ಜನವರಿ 3ರಂದು ಅವನ ಹೆಣ ಸೆಪ್ಟಿಕ್ ಟ್ಯಾಂಕಲ್ಲಿ ಸಿಕ್ತು, ಮೇಲೆ ಕಾಂಕ್ರೀಟ್ ಹಾಕಿದ್ರು. ಗೌರಿ ಪಕ್ಕದಲ್ಲಿ ಅವನ ಫೋಟೋನೂ ಇಡಿ.

ಮೈಸೂರಿನ ಹುಡುಗ್ರಿಗೆ ಇನ್ನೊಂದೂ ಗೊತ್ತಿರ್ಲಿ. ಮರಿಮಲ್ಲಪ್ಪ ಸ್ಕೂಲಿನ ಹೆಡ್‌ಮಾಸ್ಟ್ರಾಗಿದ್ದ ಎಂ. ವೆಂಕಟಕೃಷ್ಣಯ್ಯ, ಊರೆಲ್ಲ ತಾತಯ್ಯ ಅಂತಿದ್ರಲ್ಲ, ಅವ್ರು ಪತ್ರಿಕೆ ನಡೆಸ್ತಿದ್ರು. 1908ರಲ್ಲಿ ದಿವಾನ್ ಮಾಧವರಾಯರ ಕಾಲದಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಕತ್ತು ಹಿಡಿಯೋ ಕಾನೂನು ತಂದಾಗ ತಲೆ ಬಾಗ್ಸಿ ನಡ್ಸೋದಕ್ಕಿಂತ ನಿಲ್ಸೋದೇ ಮೇಲು ಅಂತ ನಿಲ್ಸಿದೋರು ಅವ್ರು. ಈ ಜಗಳ ನಮ್ಮೂರಿಗೆ ಹೊಸದಲ್ಲ.

ಕುವೆಂಪುನಗರ ವಾಸಿ:

ನಾನು ಗೌರಿಯವರ ವಿಚಾರಗಳನ್ನ ಒಪ್ಪೋನಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಅವರನ್ನ ಕೊಂದಿದ್ದು ಘೋರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಹೆಸರಲ್ಲಿ ಆಗೋ ಕಾರ್ಯಕ್ರಮಗಳು ಒಂದೇ ಪಕ್ಷದ ವೇದಿಕೆ ಥರ ಆಗ್ಬಿಡುತ್ತೆ, ಮೈಕ್ ಸಿಕ್ಕಿದೋರೆಲ್ಲ ಚುನಾವಣಾ ಭಾಷಣ ಮಾಡ್ತಾರೆ. ಅಲ್ದೆ 2016ರ ನವೆಂಬರಲ್ಲಿ ಮಾನನಷ್ಟ ಕೇಸಲ್ಲಿ ಹುಬ್ಬಳ್ಳಿ ಕೋರ್ಟು ಅವರಿಗೆ ಆರು ತಿಂಗಳು ಶಿಕ್ಷೆ ಕೊಟ್ಟಿತ್ತು ಅನ್ನೋದನ್ನೂ ಹೇಳ್ತೀರಾ? ಹೇಳೋದಾದ್ರೆ ನಾನೂ ಬರ್ತೀನಿ, ನನ್ನ ಮಗಳನ್ನೂ ಕರ್ಕೊಂಡ್ ಬರ್ತೀನಿ.

ಪಾಂಡವಪುರದ ಹುಡುಗಿ:

ಸಾರ್, ಖಂಡಿತ ಹೇಳ್ತೀವಿ. 2008ರ ಒಂದು ವರದಿಗೆ ಆದ ಕೇಸು ಅದು, ಶಿಕ್ಷೆ ಆಯ್ತು, ಅವತ್ತೇ ಜಾಮೀನು ಸಿಕ್ತು, ಮೇಲಿನ ಕೋರ್ಟಿಗೆ ಹೋಗ್ತೀನಿ ಅಂದ್ರು ಅವ್ರು. ಬರೆದಿದ್ದು ತಪ್ಪು ಅನ್ಸಿದೋರು ಕೋರ್ಟಿಗೆ ಹೋದ್ರು, ಇವ್ರು ಕಟಕಟೆಲಿ ನಿಂತ್ರು. ಬರಹದ ಜೊತೆ ಜಗಳ ಆಡಕ್ಕೆ ದಾರಿ ಇದೆ ಅಂತ ತೋರ್ಸೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ ಸಾರ್, ಮುಚ್ಚಿಡೋ ವಿಷ್ಯನೇ ಅಲ್ಲ ಅದು. ಕೊಂದೋರಿಗೆ ಆ ದಾರಿ ಬೇಡವಾಗಿತ್ತು.

ಯಾವ ಪಕ್ಷದೋರನ್ನೂ ಸ್ಟೇಜಿಗೆ ಕರೀಬಾರ್ದು ಅಂತ ನಾವು ಮೊದಲ ದಿನಾನೇ ತೀರ್ಮಾನ ಮಾಡಿದೀವಿ, ಮಂತ್ರಿಗಳು ಬಂದ್ರೂ ನೆಲದ ಮೇಲೆ ಕೂತು ನೋಡ್ಬೋದು. ಕೊಲೆ ಕೇಸು ಕೋರ್ಟಲ್ಲಿದೆ, 2022ರಲ್ಲಿ ವಿಚಾರಣೆ ಶುರುವಾಯ್ತಲ್ಲ, ಹಾಗಾಗಿ ಆರೋಪಿಗಳ ಹೆಸರು ಹೇಳಿ ತೀರ್ಪು ಕೊಡೋ ಮಾತು ಯಾರೂ ಆಡ್ಬಾರ್ದು ಅಂತ ಮಾತಾಡೋರಿಗೆಲ್ಲ ಮೊದಲೇ ಹೇಳ್ತೀವಿ. ನೀವು ಮಗಳ ಜೊತೆ ಬನ್ನಿ. ಪ್ರಶ್ನೆ ಕೇಳೋ ಟೈಮಲ್ಲಿ ಎದ್ದು ನಿಂತು ಕೇಳಿ.

ಕುವೆಂಪುನಗರ ವಾಸಿ:

ಸರಿ ಅಮ್ಮ. ಹಂಗಿದ್ರೆ ನನ್ನದೂ ಒಂದು ಸಲಹೆ. ಅವರ ಬರಹನ ಜೋರಾಗಿ ಓದ್ಸಿ. ಅವರ ಬಗ್ಗೆ ಬೇರೆಯವರು ಬರೆದ ಪದ್ಯ ಬೇಡ, ಅವರದೇ ಬರಹ. ನಾವು ಒಪ್ಪದೇ ಇರೋರಿಗೂ ಏನನ್ನ ಒಪ್ತಿಲ್ಲ ಅಂತ ಗೊತ್ತಾಗ್ಬೇಕು.

ಮಾಲ್ಟಾದಲ್ಲಿರೋ ಮದ್ದೂರಮ್ಮ:

ನಾನು ಮಾಲ್ಟಾದಲ್ಲಿ ನರ್ಸು, ಊರು ಮದ್ದೂರು. ಇದನ್ನ ಓದ್ತಿದ್ದಂಗೆ ಬರೀಲೇಬೇಕು ಅನ್ನಿಸ್ತು. ಇಲ್ಲಿ ಡಾಫ್ನೆ ಕರುವಾನಾ ಗಲೀಜಿಯಾ ಅಂತ ಪತ್ರಕರ್ತೆ ಇದ್ರು, ಸರ್ಕಾರದ ದೊಡ್ಡೋರ ಭ್ರಷ್ಟಾಚಾರದ ಬಗ್ಗೆ ಬರೀತಿದ್ರು. 2017ರ ಅಕ್ಟೋಬರ್ 16ರಂದು ಕಾರಿಗೆ ಬಾಂಬ್ ಇಟ್ಟು ಕೊಂದ್ರು. ನಮ್ ಗೌರಿ ಹೋಗಿ ಆರು ವಾರ ಆಗಿತ್ತಷ್ಟೇ.

ವಲೆಟ್ಟಾ ಅನ್ನೋ ಊರಲ್ಲಿ ಕೋರ್ಟಿನ ಎದುರಿಗೇ ಒಂದು ಹಳೇ ಸ್ಮಾರಕ ಇದೆ. ಅದರ ಬುಡದಲ್ಲಿ ಜನ ಅವ್ರ ಫೋಟೋ, ಹೂವು, ಮೇಣದಬತ್ತಿ ಇಡಕ್ಕೆ ಶುರು ಮಾಡಿದ್ರು. ಸರ್ಕಾರದೋರು ರಾತ್ರಿ ಬಂದು ಎಲ್ಲಾ ತೆಗೆದು ಹಾಕೋರು. ಬೆಳಿಗ್ಗೆ ಜನ ಮತ್ತೆ ತಂದು ಇಡೋರು. ಹಂಗೇ ತಿಂಗಳುಗಟ್ಟಲೆ ನಡೀತು, ಕೊನೆಗೆ ಒಬ್ರು ಕೋರ್ಟಿಗೆ ಹೋದ್ರು, 2020ರ ಜನವರಿಲಿ ಕೋರ್ಟು ಹೇಳ್ತು, ಆ ಹೂವು ತೆಗೆದಿದ್ದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಅಂತ. ಪ್ರತಿ ತಿಂಗಳು 16ಕ್ಕೆ ಜನ ಅಲ್ಲಿ ಸೇರ್ತಾರೆ. ಆಮೇಲೆ 2021ರಲ್ಲಿ ನ್ಯಾಯಾಂಗ ತನಿಖೆಯ ವರದಿ ಬಂತು, ಈ ಕೊಲೆಗೆ ಸರ್ಕಾರಾನೂ ಹೊಣೆ ಹೊರಬೇಕು ಅಂತ ಅದರಲ್ಲಿ ಬರೆದಿದ್ರು.

ನಾನ್ ಹೇಳೋದು ಏನು ಅಂದ್ರೆ ಅಕ್ಕ, ಇಲ್ಲಿ ಆ ಹೂವಿಗೆ ಯಾವ ಕಂಪನಿನೂ ದುಡ್ಡು ಕೊಟ್ಟಿರ್ಲಿಲ್ಲ. ಅವರವರ ಕೈಯಿಂದ ತಂದು ಇಟ್ಟಿದ್ದು, ಅದಕ್ಕೇ ಎಷ್ಟು ಸಲ ತೆಗೆದ್ರೂ ಮತ್ತೆ ಬಂತು. ಸ್ಪಾನ್ಸರ್ ಒಬ್ರೇ ಇದ್ರೆ ಅವರಿಗೆ ಒಂದು ಫೋನ್ ಹೋದ್ರೆ ಸಾಕು, ನಿಮ್ ಹಬ್ಬ ಹಿಂದಿನ ದಿನ ನಿಂತೋಗುತ್ತೆ. ಐನೂರು ಜನ ನೂರ್ನೂರು ಕೊಟ್ಟಿದ್ರೆ ಯಾರಿಗಂತ ಫೋನ್ ಮಾಡ್ತಾರೆ? ನಾನೂ ಕಳಿಸ್ಬೇಕು ಅಂದ್ಕೊಂಡೆ, ಆದ್ರೆ ಹೊರದೇಶದ ದುಡ್ಡು ಅಂತ ನಿಮಗೆ ತೊಂದ್ರೆ ಆಗ್ಬಾರ್ದು, ಮದ್ದೂರಲ್ಲಿ ನಮ್ಮಮ್ಮಂಗೆ ಹೇಳ್ತೀನಿ, ಅವ್ರ ಪೆನ್ಷನ್ ದುಡ್ಡಲ್ಲಿ ಅವ್ರೇ ಕೊಡ್ತಾರೆ.

ಕಾವಾ ಹುಡುಗ:

ಅಕ್ಕಾ ನಾನು ಇಲ್ಲಿ ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಪೇಂಟಿಂಗ್ ಓದ್ತಿದೀನಿ, ಕಾರ್ಟೂನ್ ಪ್ರದರ್ಶನ ನಮಗ್ ಬಿಡಿ, ಫ್ರೇಮು ಗಾಜು ಏನೂ ಬೇಡ, ಮರದಿಂದ ಮರಕ್ಕೆ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಲ್ಲಿ ನೇತಾಕಿದ್ರೆ ಆಯ್ತು, ಖರ್ಚು ಪೇಪರು ಕ್ಲಿಪ್ಪು ಅಷ್ಟೇ. ಆರ್.ಕೆ. ಲಕ್ಷ್ಮಣ್ ಮೈಸೂರಲ್ಲಿ ಹುಟ್ಟಿ ಮಹಾರಾಜ ಕಾಲೇಜಲ್ಲಿ ಓದಿದೋರು, ಕೊರವಂಜಿ ಪತ್ರಿಕೆಗೆ ಚಿತ್ರ ಬರೆದಿದ್ರು, ಇಷ್ಟು ದೊಡ್ಡ ಕಾರ್ಟೂನಿಸ್ಟ್ ಊರಲ್ಲಿ ಒಂದು ಕಾರ್ಟೂನ್ ಹಬ್ಬ ಇಲ್ಲ ಅಂತ ನಾವು ಯಾವಾಗ್ಲೂ ಮಾತಾಡ್ಕೋತೀವಿ. ಅಲ್ಲೇ ಒಂದು ಟೇಬಲ್ ಹಾಕಿ ಬಂದ ಮಕ್ಕಳಿಗೆ ಇದ್ದಿಲು, ಪೇಪರ್ ಕೊಟ್ಟು ಬರೆಸ್ತೀವಿ.

ಇನ್ನೊಂದ್ ಐಡಿಯಾ ಇದೆ ಅಕ್ಕ, ಗೌರಿ ಮೇಡಂ ಬರೆದ ಕೊನೇ ಸಂಪಾದಕೀಯ ಸುಳ್ಳು ಸುದ್ದಿ ಬಗ್ಗೆ ಅಲ್ವಾ, 'ಕಂಡ ಹಾಗೆ' ಅಂಕಣದಲ್ಲಿ. ಆ ವರ್ಷ ಗಣಪತಿ ಕೂರ್ಸಕ್ಕೆ ಸರ್ಕಾರ ಲಕ್ಷಗಟ್ಲೆ ಡೆಪಾಸಿಟ್ ಕೇಳ್ತಿದೆ, ಅದು ಮಾಡಂಗಿಲ್ಲ ಇದು ಮಾಡಂಗಿಲ್ಲ ಅಂತ ಒಂದು ಸುಳ್ಳು ಹರಡಿತ್ತಲ್ಲ, ಅಂಥ ರೂಲ್ಸೇ ಇಲ್ಲ ಅಂತ ಪೊಲೀಸ್ರೇ ಹೇಳ್ಬೇಕಾಗ್ ಬಂತು, ಅದು ಎಲ್ಲಿ ಹುಟ್ಟಿ ಹೆಂಗ್ ಹರಡ್ತು ಅಂತ ಅವ್ರು ಅದ್ರಲ್ಲಿ ಬಿಡಿಸಿ ಬರೆದಿದ್ರು. ನಾವೊಂದು ಸ್ಟಾಲ್ ಹಾಕೋಣ, ಜನ ತಮ್ಮ ವಾಟ್ಸಾಪಿಗೆ ಬಂದ ಫಾರ್ವರ್ಡ್ ತೋರ್ಸೋದು, ಅಲ್ಲೇ ಕೂತು ಆ ಫೋಟೋ ಯಾವ ವರ್ಷದ್ದು ಯಾವ ಊರ್ದು ಅಂತ ಹುಡುಕಿ ತೋರ್ಸೋದು. ನಮ್ಮಪ್ಪಂಗೆ ಒಂದ್ಸಲ ಹಂಗೆ ಮನೇಲಿ ತೋರಿಸ್ದೆ, ಮಂಡ್ಯದ್ದು ಅಂತ ಬಂದಿದ್ದ ವೀಡಿಯೋ ಬೇರೆ ದೇಶದ್ದು ಅಂತ ಗೊತ್ತಾಯ್ತು, ಆಮೇಲಿಂದ ಅವ್ರು ಏನೇ ಬಂದ್ರೂ ಮೊದ್ಲು ನಂಗೆ ಕಳಿಸಿ ನಿಜಾನಾ ಅಂತ ಕೇಳ್ತಾರೆ.

ಮಳವಳ್ಳಿ ಶಿವಣ್ಣ:

ನೀವೆಲ್ಲ ಓದಿರೋರು ಚೆನ್ನಾಗ್ ಮಾತಾಡ್ತಾ ಇದೀರ. ನಂದೊಂದೇ ಮಾತು. ಹಾಡು ಅಂದಾಕ್ಷಣ ಕ್ರಾಂತಿಗೀತೆ ಅಷ್ಟೇ ಅಂದ್ಕಬ್ಯಾಡಿ. ನಮ್ ಬೊಪ್ಪೇಗೌಡನಪುರದ ಕಡೆ ನೀಲಗಾರರು ತಂಬೂರಿ ಹಿಡ್ಕಂಡು ಮಂಟೇಸ್ವಾಮಿ ಕತೆ ಹಾಡ್ತಾರೆ, ಹೊಲೆಬೀದಿಯಿಂದ ಎದ್ದು ಬಂದ ಗುರು ಕಲ್ಯಾಣದ ದೊಡ್ಡೋರ ಬಾಗಿಲಲ್ಲಿ ನಿಂತು ನಿಮ್ಮ ಭಕ್ತಿ ನಿಜಾನಾ ಅಂತ ಪರೀಕ್ಷೆ ಮಾಡೋ ಕತೆ ಅದು. ದೊಡ್ಡೋರ್ನ ಮುಖದ ಮೇಲೆ ಪ್ರಶ್ನೆ ಕೇಳೋದು ನಮ್ ಜನಕ್ಕೆ ಪೇಪರ್ ಬರೋಕ್ ಮುಂಚಿಂದ ಗೊತ್ತು. ಒಂದು ಮೇಳ ಕರ್ಸಿ, ರಾತ್ರಿಯೆಲ್ಲ ಹಾಡೋರು, ನಿಮ್ ಮೈಕ್ ರೂಲ್ಸು 10 ಗಂಟೆ ಅಂದ್ರೆ ಸಂಜೆ ಆರಕ್ಕೇ ಕೂರ್ಸಿ ಮೂರು ಗಂಟೆನಾದ್ರೂ ಕೊಡಿ, ಹದಿನೈದು ನಿಮಿಷ ಕೊಟ್ಟು ಶಾಲು ಹೊದ್ಸಿ ಕಳಿಸ್ಬ್ಯಾಡಿ. ಕಂಸಾಳೆಯೋರೂ ಬೇಕು ಅಂದ್ರೆ ಹೇಳಿ, ನಾನು ಮಾತಾಡಿ ಕೊಡ್ತೀನಿ. ಅವ್ರಿಗೆ ಊಟ ಮಾತ್ರ ಬಿಸಿಯಾಗಿ ಮುದ್ದೆ ಸಾರು ಇರ್ಬೇಕು.

ದುಡ್ಡಿಗೆ ಒಂದು ದಾರಿ ಇದೆ. ಕಬ್ಬಿನ ಬಾಕಿಗೆ, ಕಾವೇರಿ ನೀರಿಗೆ ಹೋರಾಟ ನಡೆದಾಗ ಹಸಿರು ಟವಲ್ ಹಿಡಿದು ಜನದ ಮಧ್ಯೆ ಹೋಗ್ತೀವಿ, ಹತ್ತು ರೂಪಾಯಿ ಹಾಕೋನೂ ಹಾಕ್ತಾನೆ, ಐನೂರು ಹಾಕೋನೂ ಹಾಕ್ತಾನೆ, ಅಲ್ಲೇ ಎಣಿಸಿ ಮೈಕಲ್ಲಿ ಇಷ್ಟ್ ಬಂತು ಅಂತ ಹೇಳ್ಬಿಡ್ತೀವಿ. ಅಕ್ಕಿ, ರಾಗಿ, ಬೆಲ್ಲ, ಸೌದೆ ಇವೆಲ್ಲ ಊರೋರು ಕೊಡ್ತಾರೆ ಕಣವ್ವ, ಕೇಳ್ಬೇಕಷ್ಟೇ. ಅಡಿಗೆ ಖರ್ಚು ನಿಮ್ ಲೆಕ್ಕದಿಂದ ತೆಗೆದಾಕಿ.

ಪಾಂಡವಪುರದ ಹುಡುಗಿ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ನಮ್ ಗುಂಪು ಕೂತು ಇದನ್ನೆಲ್ಲ ಓದಿ ಮಾತಾಡಿದ್ವಿ. ಲೇಔಟಿನೋರಿಗೆ ಬೇಡ ಅಂತ ಹೇಳ್ತೀವಿ, ಅವ್ರೂ ಎಲ್ಲರ ಥರ ಬಂದು ಟವಲ್ಲಿಗೆ ಹಾಕ್ಬೋದು, ಹೆಸರು ಕೂಗಲ್ಲ. ಯಾರೇ ಕೊಟ್ರೂ ಇಷ್ಟಕ್ಕಿಂತ ಜಾಸ್ತಿ ತಗೋಬಾರ್ದು ಅಂತ ಒಂದು ಮಿತಿ ಇಡೋಣ ಅಂತಿದೀವಿ, ಲೆಕ್ಕನ ಜಾಗದಲ್ಲೇ ಬೋರ್ಡ್ ಮೇಲೆ ಬರೆದು ಹಾಕ್ತೀವಿ. ಜನವರಿ 29, 30 ಎಲ್ರೂ ಒಪ್ಪಿದಾರೆ. ವನರಂಗಕ್ಕೆ ಅರ್ಜಿ ಕೊಡ್ತೀವಿ, ಸಿಗ್ಲಿಲ್ಲ ಅಂದ್ರೆ ಮಂಡ್ಯದಲ್ಲೇ ಮಾಡ್ತೀವಿ.

29ರ ಬೆಳಿಗ್ಗೆ ತಾಲ್ಲೂಕು ವರದಿಗಾರರದ್ದು, ವರದಿಗಾರ ಸಾರ್ ನೀವೇ ಮುಂದೆ ನಿಂತು ನಡೆಸ್ಕೊಡ್ಬೇಕು, ಇಲ್ಲ ಅನ್ನಂಗಿಲ್ಲ. ಮಧ್ಯಾಹ್ನ ಕಾವಾದೋರ ಕಾರ್ಟೂನ್ ಮತ್ತೆ ವಾಟ್ಸಾಪ್ ಸ್ಟಾಲು, ಸಂಜೆ ಪೂರ್ತಿ ನೀಲಗಾರರು. 30ಕ್ಕೆ ಓದು, ನಾಟಕ, ಸಾಕ್ಷ್ಯಚಿತ್ರ. ಆ ಓದಿಗೆ ಏನ್ ಓದ್ಬೇಕು ಅನ್ನೋದೇ ಈಗ ದೊಡ್ಡ ಪ್ರಶ್ನೆ, ಪತ್ರಿಕೆಯ ಹಳೇ ಸಂಚಿಕೆಗಳು ನಮ್ಮತ್ರ ಇಲ್ಲ, ಅಂತರ್ಜಾಲದಲ್ಲಿ ಸಿಗೋದು ಅದೇ ನಾಲ್ಕೈದು ಲೇಖನ, ಅದೂ ಇಂಗ್ಲಿಷಿಂದ ಮತ್ತೆ ಕನ್ನಡಕ್ಕೆ ಬಂದಿರೋದು. ಯಾರ ಮನೇಲಾದ್ರೂ ಇದ್ರೆ ಎರಡು ದಿನಕ್ಕೆ ಕೊಡಿ, ಸ್ಕ್ಯಾನ್ ಮಾಡ್ಕೊಂಡು ವಾಪಸ್ ತಂದು ಕೊಡ್ತೀವಿ.

ಹಳೇ ವರದಿಗಾರ:

ಅಟ್ಟದ ಮೇಲೆ ಎರಡು ಟ್ರಂಕ್ ಅವೆ ಮಗಳೇ, ಅಪ್ಪಂದೂ ಮಗಳದೂ. ಕೆಲವಕ್ಕೆ ಗೆದ್ದಲು ಹತ್ತದೆ, ಹುಷಾರಾಗಿ ಬಿಡಿಸ್ಬೇಕು. ಭಾನುವಾರ ಒಬ್ಬಳೇ ಬರ್ಬ್ಯಾಡ, ಕಾವಾ ಹುಡುಗನ್ನೂ ಕರ್ಕಂಡ್ ಬಾ, ಟ್ರಂಕು ಭಾರ ಅದೆ.

ಕಾವಾ ಹುಡುಗ:

ಬರ್ತೀನಿ ಅಜ್ಜ. ಸ್ಕ್ಯಾನರ್ ಬೇಡ, ಹಾಳೆ ಹರಿಯುತ್ತೆ, ಮೇಲಿಂದ ಕ್ಯಾಮೆರಾಲಿ ಫೋಟೋ ತೆಗೀಬೇಕು, ಸ್ಟ್ಯಾಂಡು ನನ್ನತ್ರ ಇದೆ. ಒಂದು ಬಿಳೀ ಪಂಚೆ ರೆಡಿ ಇಟ್ಟಿರಿ, ಕೆಳಗ್ ಹಾಸಕ್ಕೆ.